ಆಪಾ ಅವರ ಉಗುರು ಮತ್ತು ಚೈನಾ ಎಂಜಿನ್ನು

ಆಪಾ ಹೋದ ಸುದ್ದಿ ಬಂದಾಗ ನಾನು ಕಮಲಾಪುರದ ಹೈಸ್ಕೂಲಿನಲ್ಲಿ ಎಂಟನೇ ತರಗತಿಗೆ ಘರ್ಷಣೆಯ ಪಾಠ ಮಾಡುತ್ತಿದ್ದೆ. ತರಗತಿಯಲ್ಲಿ ಫೋನು ಎತ್ತುವವಳಲ್ಲ ನಾನು. ಆದರೆ ಅದು ಬಿಡದೆ ನಡುಗುತ್ತಲೇ ಇತ್ತು. ಹೊರಗೆ ಬಂದು ನೋಡಿದರೆ ಆಪಾ ಅವರ ಸೊಸೆ. "ಟೀಚರ್, ಅಮ್ಮಿ ಹೋಗಿಬಿಟ್ರು," ಅಂದಳು. ಕಣ್ಣೊರೆಸಿಕೊಂಡು ಒಳಗೆ ಹೋಗಿ ಪಾಠ ಮುಗಿಸಿದೆ. ಬಿಚ್ಚಿದ ಕೆಲಸವನ್ನು ನಡುವೆ ಬಿಟ್ಟು ಎದ್ದುಹೋಗುವವರನ್ನು ಕಂಡರೆ ಆಪಾಗೆ ಆಗುತ್ತಿರಲಿಲ್ಲ.

ಅವರು ನನ್ನ ಬಳಗದವರಲ್ಲ, ಓಣಿಯವರಲ್ಲ, ನನಗೆ ಅಕ್ಷರ ಕಲಿಸಿದವರೂ ಅಲ್ಲ. ಕಲಬುರಗಿಯ ಸೂಪರ್ ಮಾರ್ಕೆಟ್ ಹಿಂದಿನ ಗಲ್ಲಿಯಲ್ಲಿ ಮೋಟಾರ್ ಸೈಕಲ್ಲಿನ ಸ್ಪೇರ್ ಪಾರ್ಟ್ಸ್ ಮಾರುತ್ತಿದ್ದರು. ಕೆಳಗೆ ಅಂಗಡಿ, ಮೇಲೆ ಮನೆ. ಗಂಡ ತೀರಿಕೊಂಡ ಮೇಲೆ ಅಂಗಡಿಯಲ್ಲಿ ಕೂತವರು ಏಳಲೇ ಇಲ್ಲ. ಗಲ್ಲಿಗೆಲ್ಲ ಅವರು ಆಪಾ, ಅಂದರೆ ಅಕ್ಕ. ಹೆಸರು ಹಿಡಿದು ಕರೆದವರನ್ನು ನಾನು ಕಂಡಿಲ್ಲ, ವಯಸ್ಸು ಕೇಳಿದವರು ಎರಡನೇ ಸಲ ಕೇಳಿಲ್ಲ. ಒಬ್ಬೊಬ್ಬರಿಗೆ ಒಂದೊಂದು ವಯಸ್ಸು ಹೇಳುತ್ತಿದ್ದರು, ಅದೂ ಗಟ್ಟಿ ಧ್ವನಿಯಲ್ಲಿ.

ಕಪ್ಪು ಬುರ್ಖಾ, ಹಿಂದಕ್ಕೆ ಸರಿಸಿದ ಮುಸುಕು, ದಾರ ಕಟ್ಟಿದ ದಪ್ಪ ಗಾಜಿನ ಕನ್ನಡಕ. ಚಹಾವನ್ನು ಕಪ್ಪಿನಿಂದ ಬಸಿಗೆ ಸುರಿದು, ಉಪ್ಪು ಸಿಹಿ ಎರಡೂ ಇರುವ ಉಸ್ಮಾನಿಯಾ ಬಿಸ್ಕತ್ತನ್ನು ಅದರಲ್ಲಿ ಅದ್ದಿ ತಿನ್ನುವಾಗ ಗಿರಾಕಿ ಎಂಥವನೇ ಬರಲಿ, ನಿಲ್ಲಬೇಕು. ಎಲ್ಲ ಬೆರಳಿನ ಉಗುರನ್ನೂ ಮೋಟಾಗಿ ಕತ್ತರಿಸಿಕೊಳ್ಳುತ್ತಿದ್ದವರು ಬಲಗೈ ಕಿರುಬೆರಳಿನದೊಂದನ್ನು ಮಾತ್ರ ಉದ್ದ ಬೆಳೆಸಿ ಮೆಹಂದಿ ಹಚ್ಚಿರುತ್ತಿದ್ದರು. ಮೊದಲ ಸಲ ನೋಡಿದಾಗ ಈ ವಯಸ್ಸಿಗೆ ಇದೆಂಥ ಶೋಕಿ ಅಂದುಕೊಂಡಿದ್ದೆ. ಅದು ಶೋಕಿಯಲ್ಲ, ಅದೇ ಅವರ ಕೆಲಸದ ಹತ್ಯಾರ.

ನಮ್ಮ ಕಡೆ ಸ್ಪೇರ್ ಪಾರ್ಟ್ಸ್ ಅಂಗಡಿಗೆ ಯಾರೂ ಸಾಮಾನಿನ ಹೆಸರು ಹೇಳಿಕೊಂಡು ಬರುವುದಿಲ್ಲ. ಸವೆದುಹೋದದ್ದನ್ನು ಹಳೇ ಪೇಪರಿನಲ್ಲಿ ಸುತ್ತಿ ತಂದು ಗಾಜಿನ ಮೇಲೆ ಇಟ್ಟು, "ಇಂಥಾದ್ದೊಂದು ಕೊಡ್ರಿ" ಅನ್ನುತ್ತಾರೆ. ಅದಕ್ಕೆ ಸ್ಯಾಂಪಲ್ ಎಂದು ಹೆಸರು. ಬೇರೆ ಅಂಗಡಿಯವರು ಸ್ಯಾಂಪಲ್ ನೋಡಿದ ಹಾಗೆ ಮಾಡಿ ಹೊಸದನ್ನು ಎಸೆದರೆ ಮುಗಿಯಿತು. ಆಪಾ ಮೊದಲು ಹಳೆಯದರ ವಿಚಾರಣೆ ಮಾಡುತ್ತಿದ್ದರು. ಬಟ್ಟೆಯಿಂದ ಎಣ್ಣೆ ಒರೆಸಿ, ಬೆಳಕಿಗೆ ಹಿಡಿದು, ಅಂಚಿನ ಗುಂಟ ಆ ಉಗುರನ್ನು ಎಳೆಯುತ್ತಿದ್ದರು.

ಒಂದು ಸಲ ನಾನು ಅಲ್ಲೇ ಕೂತಿದ್ದಾಗ ಧೋತರ ಉಟ್ಟ ಹಿರಿಯರೊಬ್ಬರು ಗಾಡಿಯ ಚೈನಿನ ಚಕ್ರ ತಂದರು. ಆಪಾ ಅದರ ಹಲ್ಲುಗಳ ಮೇಲೆ ಉಗುರಾಡಿಸಿ ಕೇಳಿದರು. "ಗಾಡಿ ನಿಮ್ಮ ಮಗ ಹೊಡೀತಾನೇನ್ರಿ?"

"ಹೌದ್ರಿ. ನಿಮಗ ಹ್ಯಾಂಗ ಗೊತ್ತಾತು?"

"ಹಲ್ಲು ಒಂದೇ ಕಡಿ ವಾಲ್ಯಾವ. ಗಾಡಿ ಎಬ್ಬಿಸೋವಾಗ ಜಿಗಿಸ್ತಾನ. ನಿಮ್ಮನ್ನ ನೋಡಿದ್ರ ನೀವು ಅಷ್ಟು ಅವಸರದ ಮನಷಾ ಕಾಣಂಗಿಲ್ಲ. ಹೊಸಾದು ಕೊಡ್ತೀನಿ. ಆದ್ರ ಮಗನ್ನ ಒಮ್ಮಿ ನನ್ನ ಕಡಿ ಕಳಸ್ರಿ."

ಹಿರಿಯರು ನಗುತ್ತಾ ಹೋದರು. ಮಗ ಬಂದನೋ ಇಲ್ಲವೋ ಗೊತ್ತಿಲ್ಲ. ಬಂದಿದ್ದರೆ ಬೈಸಿಕೊಂಡಿರುತ್ತಾನೆ. ಹೀಗೆ ವರ್ಷಾನುಗಟ್ಟಲೆ ಸವೆದ ಮಾಲನ್ನು ಕೈಯಾಡಿಸಿ ಆಡಿಸಿ ಯಾವ ಎಂಜಿನ್ನಿನ ಒಳಗೆ ಏನು ಮೊದಲು ಸೋಲುತ್ತದೆ, ಯಾವುದು ಕೊನೆಯತನಕ ನಿಲ್ಲುತ್ತದೆ ಎಂಬುದು ಅವರಿಗೆ ತಿಳಿದುಹೋಗಿತ್ತು. ತಮ್ಮ ಜಾಣತನದ ಬಗ್ಗೆ ಅವರಿಗೆ ಸಂಕೋಚವೇನೂ ಇರಲಿಲ್ಲ. "ಎಂಜಿನ್ನಿನ ಗುಣ ಶೋರೂಮಿನಾಗ ತಿಳಿಯಂಗಿಲ್ಲ. ಸವದು ನನ್ನ ಗಾಜಿನ ಮ್ಯಾಲ ಬಂದು ಬಿದ್ದಾಗ ತಿಳೀತದ," ಎಂದು ಕೇಳದಿದ್ದವರಿಗೂ ಹೇಳುತ್ತಿದ್ದರು.

ನಾನು ಅವರ ಗಾಜಿನ ಮುಂದೆ ಹೋಗಿ ನಿಂತದ್ದು ಬೇರೆ ದಾರಿ ಉಳಿಯದೇ ಇದ್ದಾಗ. ನನ್ನ ಬಲಗಾಲು ಪೋಲಿಯೋದ್ದು. ನಮ್ಮ ಊರು ಮಹಾಗಾಂವ, ಮನೆ ಕಲಬುರಗಿಯ ಜೇವರ್ಗಿ ಕಾಲೋನಿಯಲ್ಲಿ, ನೌಕರಿ ಕಮಲಾಪುರದಲ್ಲಿ. ದಿನಾ ಬಸ್ಸಿನಲ್ಲಿ ಹೋಗಿಬರುತ್ತಿದ್ದೆ. ಬಸ್ಸಿನ ಮೆಟ್ಟಿಲು ಎಷ್ಟು ಎತ್ತರ ಎಂಬುದು ಎರಡು ಕಾಲೂ ಗಟ್ಟಿ ಇರುವವರಿಗೆ ತಿಳಿಯುವುದಿಲ್ಲ. ಒಂದು ದಿನ ಇಳಿಯುವಾಗ ಜಾರಿ ಬಿದ್ದು ಮುಂಗೈ ಮುರಿಯಿತು. ಪ್ಲಾಸ್ಟರು ಬಿಚ್ಚುವ ಹೊತ್ತಿಗೆ ನಮ್ಮಣ್ಣ ಎಲ್ಲಾ ವ್ಯವಸ್ಥೆ ಮಾಡಿಟ್ಟಿದ್ದ. ಅವನು ದಾಲ್ ಮಿಲ್ಲಿನಲ್ಲಿ ಮ್ಯಾನೇಜರು, ವ್ಯವಸ್ಥೆ ಮಾಡುವುದೇ ಅವನ ಉಸಿರು. ಕಲಬುರಗಿಯ ಇಲಾಖೆ ಕಚೇರಿಯಲ್ಲಿ ನಿಯೋಜನೆ ಮೇಲೆ ಗುಮಾಸ್ತಿಕೆ, ಮನೆಯಿಂದ ಆಟೋ, ಮನೆಗೆ ಆಟೋ. "ತಂಗೀ, ಇನ್ನ ಸಾಕು. ರಜಾ ಮುಗಿಯೋದ್ರಾಗ ಅರ್ಜಿ ಕೊಟ್ಟುಬಿಡು," ಅಂದ.

ಪ್ರೀತಿಯಿಂದಲೇ ಅಂದ. ಅದೇ ಕಷ್ಟ. ಸಿಟ್ಟಿನಿಂದ ಅಂದಿದ್ದರೆ ಜಗಳವಾಡಬಹುದಿತ್ತು. ನನಗೆ ಪಾಠ ಮಾಡುವುದು ಬಿಟ್ಟು ಬೇರೆ ಯಾವುದರಲ್ಲೂ ಸುಖವಿಲ್ಲ. ಕಮಲಾಪುರದ ಹುಡುಗಿಯರು ಪ್ರಯೋಗದ ದಿನ ಬೆಂಚಿನ ಮೇಲೆ ಮಂಡಿಯೂರಿ ಇಣುಕುವುದನ್ನು ನೋಡುವುದು ಬಿಟ್ಟು, ಫೈಲಿಗೆ ದಾರ ಕಟ್ಟುತ್ತಾ ಕೂಡುವುದು ನನ್ನಿಂದ ಆಗದ ಮಾತು.

ನನ್ನ ಹತ್ತಿರ ಆಗ ಪಕ್ಕದಲ್ಲಿ ಎರಡು ಸಣ್ಣ ಗಾಲಿ ಕೂರಿಸಿದ ಹಳೇ ಸ್ಕೂಟರೊಂದು ಇತ್ತು, ಕಾಲೋನಿಯೊಳಗೆ ಓಡಾಡಲು ಮಾತ್ರ. ಅದರಲ್ಲೊಂದು ಅವಮಾನವಿತ್ತು. ಎಲ್ಲಾದರೂ ನಿಲ್ಲಿಸಿದರೆ ಹಿಂದಕ್ಕೆ ತೆಗೆಯಲು ನನ್ನಿಂದ ಆಗುತ್ತಿರಲಿಲ್ಲ. ಕಾಲೂರಿ ನೂಕಬೇಕಲ್ಲ. ದವಾಖಾನೆ ಮುಂದೆ, ಕಿರಾಣಿ ಮುಂದೆ, ಎಲ್ಲಿಯೂ ಯಾರನ್ನಾದರೂ "ಸ್ವಲ್ಪ ಹಿಂದ ಎಳೀರಿ" ಎಂದು ಬೇಡಿಕೊಳ್ಳಬೇಕು. ಮುಂದೆ ಹೋಗಲು ಎಂಜಿನ್ನಿದೆ, ಹಿಂದೆ ಬರಲು ಗಂಡಸರು ಬೇಕು ಎಂದು ನಾನೇ ನಗೆಯಾಡುತ್ತಿದ್ದೆ. ನಗು ಬರುತ್ತಿರಲಿಲ್ಲ.

ಆಗ ಕಾಲೋನಿಯಲ್ಲಿ ಒಬ್ಬರು ಊರು ಬಿಟ್ಟು ಹೋಗುವವರು ಮೂರು ಗಾಲಿಯ ಮೋಟಾರ್ ಸೈಕಲ್ಲೊಂದನ್ನು ಮಾರುವುದಕ್ಕಿದ್ದಾರೆಂದು ತಿಳಿಯಿತು. ಅಂಗವಿಕಲರಿಗೆಂದೇ ಯಾವುದೋ ಕಂಪನಿ ಮಾಡಿದ್ದು. ಬ್ರೇಕು ಕೈಯಲ್ಲೇ, ಹಿಂದೆ ಅಗಲವಾದ ಸೀಟು, ಅದರ ಕೆಳಗೆ ಸಾಮಾನಿನ ಪೆಟ್ಟಿಗೆ. ಎಲ್ಲಕ್ಕಿಂತ ಮುಖ್ಯ, ರಿವರ್ಸ್ ಗೇರು. ಸಣ್ಣದೊಂದು ಹಿಡಿಕೆ ಎಳೆದರೆ ಗಾಡಿ ತಾನೇ ಹಿಂದಕ್ಕೆ ಬರುತ್ತದೆ. ನೋಡಿದ ಗಳಿಗೆಯಲ್ಲೇ ನನ್ನ ಮನಸ್ಸು ಅದರ ಮೇಲೆ ಕೂತುಬಿಟ್ಟಿತು. ತೊಂದರೆಯೆಂದರೆ ಎಂಜಿನ್ನು ಚೈನಾದ್ದು. ಅದನ್ನು ತರಿಸಿ ಗಾಡಿ ಜೋಡಿಸುತ್ತಿದ್ದ ಕಂಪನಿ ಬಾಗಿಲು ಹಾಕಿಕೊಂಡಿತ್ತು.

"ಚೈನಾ ಮಾಲು ನಡುದಾರ್ಯಾಗ ಕೈ ಕೊಡ್ತದ," ಅಂದ ಅಣ್ಣ. "ಬಸ್ಸು ಕೆಟ್ರ ಮಂದಿ ಇಳದು ನಡೀತಾರ. ನೀ ಏನ್ ಮಾಡ್ತಿ?"

ಕಲಬುರಗಿಯಿಂದ ಕಮಲಾಪುರ ಅಂದರೆ ಬರೀ ಹೊಲ, ಗಾಳಿ, ಭರ್ರೆಂದು ಹೋಗುವ ಲಾರಿ. ಯಾರೋ ಆಪಾ ಅವರ ಹೆಸರು ಹೇಳಿದರು. ಗಾಡಿ ಮಾರುವವರ ಒಪ್ಪಿಗೆ ತೆಗೆದುಕೊಂಡು, ಅಣ್ಣನನ್ನೂ ಕರೆದುಕೊಂಡು, ಗಾಡಿ ಸಮೇತ ಹೋದೆ. ಅವಳು ಬೇಡ ಅಂದರೆ ಅರ್ಜಿ ಕೊಡುತ್ತೇನೆ ಎಂದು ಅಣ್ಣನಿಗೆ ಮಾತು ಕೊಟ್ಟಿದ್ದೆ. ಪರಿಚಯವಿಲ್ಲದ ದಿನ ಅದು, ಅವಳು ಎಂದೇ ಅಂದಿದ್ದೆ.

ಆಪಾ ಗಾಡಿಯನ್ನು ನೋಡಲೇ ಇಲ್ಲ, ನನ್ನನ್ನು ನೋಡಿದರು. "ದಿನಾ ಎಲ್ಲಿಗಿ ಹೋಗಬೇಕು?" ಅಂದರು. ಹೇಳಿದೆ. "ಎಂಥಾ ರಸ್ತಾ? ದಿಬ್ಬ ಅದ?" ಅಂದರು. ಅದನ್ನೂ ಹೇಳಿದೆ. ಪಕ್ಕದ ಗ್ಯಾರೇಜಿನ ಮಲ್ಲಣ್ಣನಿಗೆ ಎಂಜಿನ್ ಬಿಚ್ಚಲು ಹೇಳಿ, ಅಂಗಡಿಯಿಂದ ಕೆಳಗಿಳಿದು ಬಂದು ಸ್ಟೂಲ್ ಹಾಕಿಕೊಂಡು ಕೂತರು. ಆಪಾ ಅಂಗಡಿ ಬಿಟ್ಟು ಇಳಿದಿದ್ದಾರೆಂದು ಗಲ್ಲಿಯವರು ಅಲ್ಲಲ್ಲೇ ನಿಂತು ನೋಡತೊಡಗಿದರು.

ಅವರು ಎಂಜಿನ್ನಿನ ಹೊರಗಿನ ಹೊಳಪನ್ನು ಮುಟ್ಟಲೂ ಇಲ್ಲ. ಮುಚ್ಚಳ ತಿರುವಿ ಒಳಮೈ ನೋಡಿದರು. ಎರಡು ಭಾಗ ಕೂಡುವ ಅಂಚಿನ ಮೇಲೆ ಉಗುರನ್ನು ನಿಧಾನಕ್ಕೆ ಒಂದು ಸುತ್ತು ಎಳೆದರು. ಗೇರಿನ ಒಂದೊಂದು ಹಲ್ಲನ್ನೂ ಮುಟ್ಟಿದರು. ಬೋಲ್ಟುಗಳನ್ನು ಅಂಗೈಯಲ್ಲಿ ಹಾಕಿಕೊಂಡು ತಲೆಗಳನ್ನು ನೋಡಿ ಮುಖ ಸಿಂಡರಿಸಿದರು. ರಬ್ಬರಿನ ಸೀಲನ್ನು ಚಿವುಟಿದರೆ ಅದು ಸೀಳಿತು.

"ನೋಡು ಟೀಚರಮ್ಮ," ಅಂದರು ಕೊನೆಗೆ. "ಯಾರೂ ನೋಡಂಗಿಲ್ಲ ಅಂತ ತಿಳಕೊಂಡ ಜಾಗಾದಾಗ ಹ್ಯಾಂಗ ಮಾಡ್ಯಾರ, ಅದನ್ನ ನೋಡಬೇಕು. ಎರಕ ಛಲೋ ಅದ. ಒಳಗ ಮರಳಿನ ಕಾಳಿಲ್ಲ. ಗೇರಿನ ಹಲ್ಲಿನಾಗ ಎಲ್ಲೂ ಉಗರ ಸಿಕ್ಕೊಳ್ಳಲಿಲ್ಲ. ಇದನ್ನ ಮಾಡ್ದಾವ ಕೆಲಸ ಕಲ್ತಾವ. ಜೋಡಿಸ್ದಾವ ಮಾತ್ರ ಮನಿಗಿ ಹೋಗೋ ಅವಸರದಾಗ ಇದ್ದ. ಬೋಲ್ಟು ಮೆತ್ತಗ, ರಬ್ಬರು ಬೇಕಾರ್. ಅವು ಬದಲಿ ಆಗ್ತಾವ. ಎರಕ ಕೆಟ್ಟಿದ್ರ ನಾ ಏನೂ ಮಾಡಾಕ ಆಗ್ತಿರಲಿಲ್ಲ."

"ಅಲ್ರಿ, ಎಷ್ಟಂದ್ರೂ ಚೈನಾ ಮಾಲು," ಅಂದ ಅಣ್ಣ. "ಗ್ಯಾರಂಟಿ ಏನ್ರಿ?"

ಆಪಾ ಕನ್ನಡಕದ ಮೇಲಿಂದ ಅವನನ್ನು ನೋಡಿದರು. "ಚೈನಾ ಅಂದ್ರ ಒಂದು ಮನಿ ಅಲ್ಲರೀ. ಅಲ್ಲೂ ಒಳ್ಳೇ ಕೈ ಅದಾವ, ಕೆಟ್ಟ ಕೈ ಅದಾವ, ನಿಮ್ಮ ದಾಲ್ ಮಿಲ್ಲಿನಾಗ ಇದ್ದಂಗ. ಗ್ಯಾರಂಟಿ ಡಬ್ಬಿ ಮ್ಯಾಲ ಬರೀತಾರ. ನಾ ಡಬ್ಬಿ ನೋಡಂಗಿಲ್ಲ, ಮಾಲು ನೋಡ್ತೀನಿ."

ಅಣ್ಣನಿಗೆ ದಾಲ್ ಮಿಲ್ಲಿನ ಮಾತು ಚುಚ್ಚಿತು. ಅಲ್ಲಿಂದ ಅವರಿಬ್ಬರ ನಡುವೆ ಶುರುವಾದ ಮಾತಿನ ಜಟಾಪಟಿ ಬಹಳ ದಿನ ನಡೆಯಿತು. ನಾನು ಮಾತ್ರ ಆ ಹೊತ್ತಿನಲ್ಲಿ ಬಿಚ್ಚಿಟ್ಟ ಎಂಜಿನ್ನಿನ ಮುಂದೆ ನಿಂತು ಅತ್ತುಬಿಟ್ಟೆ. ಆಪಾ ಅದನ್ನು ನೋಡಿಯೂ ನೋಡದವರ ಹಾಗೆ ಮಲ್ಲಣ್ಣನಿಗೆ ಬೈಯುತ್ತಾ ಕೂತರು.

ಬೋಲ್ಟು, ಸೀಲು, ಬೇರಿಂಗು, ಕ್ಲಚ್ ಪ್ಲೇಟು ಎಲ್ಲಾ ನಮ್ಮಲ್ಲಿ ಸಿಗುವವನ್ನೇ ಹಾಕಿಸಿದರು. ಚೈನಾದವರು ಈ ಎಂಜಿನ್ನಿನ ನಕ್ಷೆಯನ್ನು ಹಳೇ ಜಪಾನಿ ಎಂಜಿನ್ನು ನೋಡಿಯೇ ಮಾಡಿದ್ದು, ನಮ್ಮ ರಸ್ತೆಯಲ್ಲಿ ಓಡುವ ಗಾಡಿಗಳದ್ದೂ ಅದೇ ನಕ್ಷೆ, ಹಾಗಾಗಿ ಸಾಮಾನಿಗೆ ಹೆದರಬೇಡ ಅಂದರು. ರಿವರ್ಸ್ ಗೇರೊಂದಕ್ಕೆ ಮಾತ್ರ ಇಲ್ಲಿ ಜೋಡಿಯಿಲ್ಲ. "ಗಾಡಿ ಪೂರಾ ನಿಂತ ಮ್ಯಾಲ ಹಾಕು. ಅವಸರ ಮಾಡಿದ್ರ ಅದೂ ಹೋಗ್ತದ, ನನ್ನ ದೋಸ್ತಿನೂ ಹೋಗ್ತದ." ತೆಗೆದ ಹಳೇ ಸಾಮಾನನ್ನೆಲ್ಲ ಪೇಪರಿನಲ್ಲಿ ಸುತ್ತಿ ನನ್ನ ಕೈಗೇ ಕೊಟ್ಟರು. ಹಳೇ ಮಾಲು ಗಿರಾಕಿಯದು, ಅದನ್ನು ಅಂಗಡಿಯವರು ಇಟ್ಟುಕೊಳ್ಳಬಾರದು ಎಂಬುದು ಅವರ ಕಟ್ಟುನಿಟ್ಟು. ಎಸೆಯಲು ಮನಸ್ಸಾಗದೆ ಸೀಟಿನ ಕೆಳಗಿನ ಪೆಟ್ಟಿಗೆಯಲ್ಲಿ ಹಾಗೇ ಇಟ್ಟೆ.

ಗಾಡಿ ಮುಗಿದ ದಿನ ಆ ಇಕ್ಕಟ್ಟು ಗಲ್ಲಿಯಿಂದ ಹಿಂದಕ್ಕೆ ತೆಗೆಯಬೇಕಿತ್ತು. ನಮ್ಮ ಮಂದಿಯ ಒಳ್ಳೆಯತನ ನಿಮಗೆ ಗೊತ್ತಲ್ಲ, ಕುಂಟಿಕೊಂಡು ಬಂದು ಗಾಡಿ ಹತ್ತುವವಳನ್ನು ಕಂಡ ಕೂಡಲೇ ನಾಲ್ಕು ಕಡೆಯಿಂದ ಕೈ ಬಂದವು. "ತಡೀರಿ ಮೇಡಂ, ಎಳೀತೀವಿ." ಒಳಗಿನಿಂದ ಆಪಾ ಅವರ ಧ್ವನಿ ಬಂತು. "ಹಾತ್ ನಕ್ಕೊ ಲಗಾವ್. ಯಾರೂ ಕೈ ಹಚ್ಚಬ್ಯಾಡ್ರಿ. ಆಕಿ ತಾನೇ ತಗೀತಾಳ."

ತೆಗೆದೆ. ಮೊದಲ ಸಲ ಗೋಡೆಗೆ ಸ್ವಲ್ಪ ಉಜ್ಜಿತು. ಉಜ್ಜಲಿ ಎಂದು ಅವರೂ ಸುಮ್ಮನಿದ್ದರು. ಆಮೇಲೆ ನಾನು ಎಷ್ಟು ಸಲ ಹೋದರೂ, ಯಾರಾದರೂ ಕೈ ಹಾಕಲು ಬಂದರೂ ಬಾರದಿದ್ದರೂ, ಆ ಮಾತು ಒಳಗಿನಿಂದ ಬರುತ್ತಲೇ ಇತ್ತು.

ಶಾಲೆ ಶುರುವಾಯಿತು. ಬೆಳಿಗ್ಗೆ ಹೊರಟು ಮಹಾಗಾಂವ ಕ್ರಾಸಿನಲ್ಲಿ ಚಹಾ ಕುಡಿದು ಕಮಲಾಪುರ ಸೇರುವುದು ಅಭ್ಯಾಸವಾಯಿತು. ಶನಿವಾರ ಬರುವಾಗ ಆಪಾ ಅಂಗಡಿಗೆ ಹೋಗುತ್ತಿದ್ದೆ. ಅಲ್ಲಿ ಕೂತರೆ ಹೊತ್ತು ಹೋಗುವುದೇ ತಿಳಿಯುತ್ತಿರಲಿಲ್ಲ. ಬ್ಯಾಟರಿ ಸ್ಕೂಟರುಗಳನ್ನು ಕಂಡರೆ ಅವರಿಗೆ ತಾತ್ಸಾರ. "ಮೊಬೈಲಿಗಿ ಗಾಲಿ ಹಚ್ಚ್ಯಾರ," ಅನ್ನುತ್ತಿದ್ದರು. ವಿಚಿತ್ರವೆಂದರೆ ಇಷ್ಟೆಲ್ಲ ಮಾತಾಡುವವರು ಒಂದು ಸಲವೂ ಯಾವ ಮೋಟಾರ್ ಸೈಕಲ್ಲಿನ ಮೇಲೂ ಕೂತವರಲ್ಲ. ಮಗ ಕರೆದರೂ ಇಲ್ಲ, ನಾನು ಕರೆದರೂ ಇಲ್ಲ. ಯಾಕೆಂದು ಕೇಳಿದರೆ, "ಎಂಜಿನ್ ಮ್ಯಾಲ ನನಗ ಪೂರಾ ನಂಬಿಕಿ ಅದ. ಹೊಡ್ಯಾವರ ಮ್ಯಾಲ ಇಲ್ಲ," ಅನ್ನುತ್ತಿದ್ದರು.

ಆ ಚಳಿಗಾಲ, ತೊಗರಿ ಹೊಲವೆಲ್ಲ ಹಳದಿ ಹೂ ಬಿಟ್ಟಿದ್ದಾಗ, ಮಹಾಗಾಂವ ದಾಟಿ ದಿಬ್ಬ ಏರುವಾಗ ಗಾಡಿ ಕೈ ಕೊಟ್ಟಿತು. ಎಂಜಿನ್ನು ಭೋರೆಂದು ಕೂಗುತ್ತದೆ, ಗಾಡಿ ಮಾತ್ರ ಮುಂದೆ ಹೋಗಲೊಲ್ಲದು. ಸುಟ್ಟ ವಾಸನೆ ಬಂತು. ಬದಿಗೆ ನಿಲ್ಲಿಸಿ ಬೇವಿನ ಮರದ ನೆರಳಿನಲ್ಲಿ ಕೂತೆ. ದಾರಿಹೋಕರು ನಿಂತು ನಿಂತು ಕೇಳಿದರು. ಬೈಕಿನವನೊಬ್ಬ ಬಗ್ಗಿ ನೋಡಿ, "ಚೈನಾ ಎಂಜಿನ್ ಅಲ್ಲೇನ್ರಿ ಅಕ್ಕೋರೆ, ಇದರದು ಹಿಂಗೇ," ಎಂದು ಮರುಕದಿಂದ ಹೇಳಿ ಹೋದ.

ನನಗೆ ರಸ್ತೆಯ ಭಯವಿರಲಿಲ್ಲ. ಅಣ್ಣನ ಭಯವಿತ್ತು. ಈ ಸುದ್ದಿ ಅವನಿಗೆ ಮುಟ್ಟಿದರೆ ನಿಯೋಜನೆಯ ಅರ್ಜಿ ಮತ್ತೆ ಮೇಜಿನ ಮೇಲೆ ಬರುತ್ತದೆ, ಈ ಸಲ ನನ್ನ ಹತ್ತಿರ ಎದುರುತ್ತರವಿರುವುದಿಲ್ಲ. ಹೆಡ್‌ಮಾಸ್ತರರಿಗೆ ತಡವಾಗುತ್ತದೆಂದು ಹೇಳಿ, ಆಪಾಗೆ ಫೋನು ಮಾಡಿದೆ. ನಾನು ಹೇಳಿದ್ದನ್ನೆಲ್ಲ ಕೇಳಿ, "ಅಲ್ಲೇ ಕೂಡು," ಅಂದರು ಅಷ್ಟೇ.

ಮಲ್ಲಣ್ಣ ಒಬ್ಬನೇ ಬರಬಹುದೆಂದುಕೊಂಡಿದ್ದೆ. ಟೆಂಪೋ ನಿಂತಾಗ ಮೊದಲು ಇಳಿದದ್ದು ಆಪಾ. ವ್ಯಾಪಾರದ ಹೊತ್ತಿನಲ್ಲಿ ಅಂಗಡಿಯನ್ನು ಸೊಸೆಗೆ ಒಪ್ಪಿಸಿ ಬಂದಿದ್ದರು. ಬುರ್ಖಾಕ್ಕೆಲ್ಲ ಧೂಳು, ಮುಖದಲ್ಲಿ ಬೆಂಕಿ. ಬಂದವರೇ ರಸ್ತೆ ಬದಿಯ ಕಲ್ಲಿನ ಮೇಲೆ ಕೂತು "ಬಿಚ್ಚು" ಅಂದರು.

ಮಲ್ಲಣ್ಣ ಎಣ್ಣೆ ಇಳಿಸಿ ಪಕ್ಕದ ಮುಚ್ಚಳ ತೆಗೆದು, ಕ್ಲಚ್ ಪ್ಲೇಟುಗಳನ್ನು ಹೊರಗೆಳೆದ. ಅವುಗಳ ಮೇಲಿನ ಪದರು ಅಲ್ಲಲ್ಲಿ ಕಿತ್ತುಹೋಗಿತ್ತು. ಆಪಾ ಒಂದನ್ನು ತೆಗೆದುಕೊಂಡು ಉಗುರು ತಾಕಿಸಿದರು. ಉಳಿದ ಪದರೂ ಎದ್ದು ಕೈಗೆ ಬಂತು. ಅವರು ಅದನ್ನು ತಿರುಗಿಸಿ ತಿರುಗಿಸಿ ನೋಡಿದರು. ಮಲ್ಲಣ್ಣ ನನ್ನ ಮುಖ ನೋಡಿದ, ನಾನು ಅವನ ಮುಖ ನೋಡಿದೆ.

"ಇದು ಎಂಜಿನ್ನಿನ ತಪ್ಪಲ್ಲ," ಅಂದರು. "ಇದು ನಾ ಕೊಟ್ಟದ್ದು. ಹಳೇವು ಎಲ್ಲಿ?"

ಸೀಟಿನ ಕೆಳಗಿನ ಪೆಟ್ಟಿಗೆಯಿಂದ ಪೇಪರಿನ ಗಂಟು ತೆಗೆದುಕೊಟ್ಟೆ. ಚೈನಾದಿಂದ ಎಂಜಿನ್ನಿನ ಜೊತೆಗೇ ಬಂದ ಪ್ಲೇಟುಗಳು. ಆಪಾ ಒಂದೊಂದರ ಮೇಲೂ ಉಗುರು ಎಳೆದರು, ಬಿಸಿಲಿಗೆ ಹಿಡಿದರು, ಮತ್ತೆ ಎಳೆದರು. ಎಲ್ಲೂ ಏಳಲಿಲ್ಲ.

"ಇವು ಇನ್ನಾ ಭಾಳ ದಿನ ನಡೀತಿದ್ದವು. ಚೈನಾದ್ದು ಅಂತ ತಗಸಿದೆ," ಅಂದರು. ಧ್ವನಿ ಸಣ್ಣದಾಗಿತ್ತು. "ಹೊಸಾದ್ದರ ಡಬ್ಬಿ ಮ್ಯಾಲ ದೊಡ್ಡ ಹೆಸರಿತ್ತು, ಮಿಂಚೋ ಚೀಟಿ ಇತ್ತು. ಡೂಪ್ಲಿಕೇಟ್ ತುಂಬಿ ಕೊಟ್ಟಾರ. ಉಗರ ಹಚ್ಚಿದ್ರ ಅವತ್ತೇ ತಿಳೀತಿತ್ತು. ಟೀಚರಮ್ಮ, ನಾ ಡಬ್ಬಿ ನೋಡಿದೆ."

ಅವರ ಕಣ್ಣಲ್ಲಿ ನೀರು ಕಂಡದ್ದು ಅದೊಂದೇ ಸಲ. ಬಿಡ್ರಿ ಆಪಾ ಅಂದೆ. "ಬಿಡಾಕ ಏನದ? ನೀ ಇಲ್ಲಿ ರಸ್ತಾದಾಗ ಕೂತೀದಿ," ಎಂದು ನನಗೇ ಬೈದರು.

ಮಲ್ಲಣ್ಣ ಹಳೇ ಪ್ಲೇಟು ಕೂರಿಸಿ, ಒಳಗೆ ಬಿದ್ದಿದ್ದ ಚೂರುಗಳನ್ನು ತೊಳೆದು, ಹೊಸ ಎಣ್ಣೆ ಹಾಕಿದ. ಎಂಜಿನ್ನು ಎಂದಿನ ಹಾಗೆ ಎದ್ದಿತು. ನಾನು ಹತ್ತಿ ಕೂತೆ. ಹಿಂದಿನ ಸೀಟು ತಗ್ಗಿದ್ದು ಗೊತ್ತಾಗಿ ತಿರುಗಿ ನೋಡಿದರೆ ಆಪಾ, ಬುರ್ಖಾ ಸಾವರಿಸಿಕೊಂಡು, ಕನ್ನಡಕದ ದಾರ ಬಿಗಿಮಾಡಿಕೊಳ್ಳುತ್ತಾ ಕೂತಿದ್ದಾರೆ.

"ನಾ ಹಾಕಿಸಿದ ಮಾಲು ನಿನ್ನ ಕೈ ಬಿಟ್ಟದ. ಈಗ ಹಾಕಿದ್ದು ಬಿಡತದೋ ಇಲ್ಲೋ ನಾನೇ ಕೂತು ನೋಡ್ತೀನಿ. ನಡೀ."

ದಿಬ್ಬ ಏರುವಷ್ಟೂ ಹೊತ್ತು ಅವರ ಕೈ ನನ್ನ ಹೆಗಲನ್ನು ಹಿಡಿದಿತ್ತು. ಆ ಉಗುರು ಸೀರೆಯ ಮೇಲಿಂದಲೇ ಚುಚ್ಚುತ್ತಿತ್ತು. ಹಿಂದಿನಿಂದ ಬಾಯಲ್ಲಿ ದುವಾ ಹೇಳಿಕೊಳ್ಳುತ್ತಿರುವುದು ಕೇಳುತ್ತಿತ್ತು. ನಡುನಡುವೆ "ಗೇರ್ ಇಳಸು, ಒತ್ತಬ್ಯಾಡ" ಅನ್ನುವುದೂ ಕೇಳುತ್ತಿತ್ತು. ದಿಬ್ಬದ ನೆತ್ತಿ ಮುಟ್ಟಿದ ಮೇಲೆ ಕೈ ಸಡಿಲವಾಯಿತು. ಕಮಲಾಪುರ ಬರುವ ಹೊತ್ತಿಗೆ ಅವರು ಎರಡೂ ಬದಿಯ ಹೊಲ ನೋಡುತ್ತಾ, ಇದು ಯಾರದು, ಅದು ಏನು ಬೆಳೆ ಎಂದು ಕೇಳತೊಡಗಿದ್ದರು.

ಶಾಲೆಯ ಗೇಟಿನಲ್ಲೇ ಅಣ್ಣನ ಫೋನು ಬಂತು. ಹೆಡ್‌ಮಾಸ್ತರರು ನಾನು ಮುಟ್ಟಿದೆನೋ ಇಲ್ಲವೋ ಎಂದು ಕಾಳಜಿಯಿಂದ ಮನೆಗೆ ಕೇಳಿಬಿಟ್ಟಿದ್ದರಂತೆ. "ನಾ ಮೊದಲೇ ಹೇಳಿದ್ದೆ," ಎಂದು ಶುರು ಮಾಡಿದ. "ನಡುದಾರ್ಯಾಗ ನಿಂತದ ಹೌದಿಲ್ಲೋ? ನಾಳಿಗೇ ಹೋಗಿ ಅರ್ಜಿ ಕೊಡೋಣು. ಇನ್ನ ನಾ ನಿನ್ನ ಮಾತು ಕೇಳಂಗಿಲ್ಲ."

ಆಪಾ ಫೋನನ್ನು ನನ್ನ ಕೈಯಿಂದ ತೆಗೆದುಕೊಂಡರು. ಅಣ್ಣನ ಎದುರು ಒಂದು ಮಾತೂ ಸೋತವರಲ್ಲ ಅವರು. ಏನು ಹೇಳುತ್ತಾರೋ ಎಂದು ನೋಡುತ್ತಾ ನಿಂತೆ.

"ನಮಸ್ಕಾರ್ರಿ. ನಾನು ಮಾತಾಡ್ಲಾಕತ್ತೀನಿ, ಸ್ಪೇರ್ ಪಾರ್ಟ್ಸ್ ಅಂಗಡಿಯಾಕಿ. ಚೈನಾ ಎಂಜಿನ್ ನಿಂತಿಲ್ಲರೀ. ನನ್ನ ಅಂಗಡಿ ಮಾಲು ನಿಂತದ. ಡಬ್ಬಿ ನೋಡಂಗಿಲ್ಲ ಅಂತ ನಿಮ್ಮ ಮುಂದ ದೊಡ್ಡಸ್ತಿಕಿ ಹೇಳಿದ್ನಲ್ಲ, ನಾನೇ ಡಬ್ಬಿ ನೋಡಿ ಮೋಸ ಹೋಗೀನಿ. ಬೈಯೋದಿದ್ರ ನನಗ ಬೈರಿ. ಅರ್ಜಿ ಮಾತ್ರ ಕೊಡಸಬ್ಯಾಡ್ರಿ. ಈ ಎಂಜಿನ್ ಮ್ಯಾಲ ಈಗ ನಾನೇ ಕೂತು ಬಂದೀನಿ."

ಅಣ್ಣನ ಧ್ವನಿ ನನಗೂ ಕೇಳುವಷ್ಟು ಜೋರಾಗಿ ಬಂತು. "ಅಷ್ಟು ದೂರ ಬಂದೀರಿ. ನಾಷ್ಟಾ ಮಾಡೀರೇನ್ರಿ?"

"ಇಲ್ರಿ," ಅಂದರು ಆಪಾ. ಇಬ್ಬರಲ್ಲಿ ಒಬ್ಬರೂ ಆ ಅರ್ಜಿಯ ಮಾತನ್ನು ಮತ್ತೆ ಎತ್ತಲಿಲ್ಲ. ಅಣ್ಣ ಇವತ್ತಿನವರೆಗೂ ಎತ್ತಿಲ್ಲ.

ಅವತ್ತು ಅವರು ಸ್ಟಾಫ್ ರೂಮಿನಲ್ಲಿ ನಮ್ಮ ಹುಡುಗಿಯರು ತಂದುಕೊಟ್ಟ ಕಮಲಾಪುರದ ಕೆಂಪು ಬಾಳೆಹಣ್ಣು ತಿಂದರು. ಹಣ್ಣಿನ ಸಿಪ್ಪೆಯ ಮೇಲೆ ಉಗುರು ಎಳೆದು, "ಫಿನಿಶಿಂಗ್ ಛಲೋ ಅದ," ಎಂದಾಗ ಹುಡುಗಿಯರು ನಕ್ಕು ನಕ್ಕು ಸುಸ್ತಾದರು. ಮನೆಗೂ ಒಂದು ಚಿಪ್ಪು ಕಟ್ಟಿಸಿಕೊಂಡು ಬಸ್ಸಿನಲ್ಲಿ ವಾಪಸ್ಸಾದರು. ಗಾಡಿಯಲ್ಲಿ ಬಿಡುತ್ತೇನೆ ಅಂದರೆ, ನಿನಗೆ ಪಾಠ ಇದೆ, ನಡಿ ಒಳಗೆ ಅಂದರು.

ಮರುದಿನವೇ ಆ ಹೆಸರಿನ ಡಬ್ಬಿಗಳನ್ನೆಲ್ಲ ಅಂಗಡಿಯಿಂದ ಇಳಿಸಿದರು. ಕಿತ್ತುಹೋದ ಪ್ಲೇಟನ್ನು ತಮ್ಮ ತಲೆಯ ಮೇಲೆಯೇ ಮೊಳೆಗೆ ನೇತುಹಾಕಿದರು. ಅದೇನೆಂದು ಕೇಳಿದ ಗಿರಾಕಿಗೆಲ್ಲ, ಕೇಳದಿದ್ದವರಿಗೂ, ತಾವು ಮೋಸಹೋದ ಕತೆಯನ್ನು ಮೊದಲಿನಿಂದ ಹೇಳುತ್ತಿದ್ದರು. ತಮ್ಮ ಜಾಣತನವನ್ನು ಹೇಳಿಕೊಳ್ಳುತ್ತಿದ್ದಷ್ಟೇ ಗಟ್ಟಿ ಧ್ವನಿಯಲ್ಲಿ ಹೇಳುತ್ತಿದ್ದರು. ಅಲ್ಲಿಂದ ಮುಂದೆ ಯಾವ ಡಬ್ಬಿಯನ್ನೂ ಒಡೆಯದೆ, ಉಗುರು ಹಚ್ಚದೆ ಮಾರಿದವರಲ್ಲ. ಗಿರಾಕಿಗಳು ತಡವಾಗುತ್ತದೆಂದು ಗೊಣಗಿದರೆ, "ಬ್ಯಾರೆ ಅಂಗಡಿ ಅದಾವ, ಹೋಗ್ರಿ," ಅನ್ನುತ್ತಿದ್ದರು. ಯಾರೂ ಹೋಗುತ್ತಿರಲಿಲ್ಲ.

ಕೊನೆಕೊನೆಗೆ ಕಣ್ಣು ಮಂಜಾಯಿತು. ಅಂಗಡಿಯಲ್ಲಿ ಸೊಸೆ ಕೂತಳು. ಅವಳು ಓದಿದವಳು, ಚುರುಕು. ಅವಳಿಗೆ ಅತ್ತೆಯ ಉಗುರಿನ ಗೊಡವೆ ಇಲ್ಲ, ಅಂಕಿ ತೋರಿಸುವ ಅಳತೆಯ ಯಂತ್ರ ಇಟ್ಟಿದ್ದಾಳೆ. ಆದರೆ ಡಬ್ಬಿ ಒಡೆದೇ ಕೊಡುತ್ತಾಳೆ. ಆಪಾ ಪಕ್ಕದ ಕುರ್ಚಿಯಲ್ಲಿ ಕೂತು, ಕಣ್ಣು ಮುಚ್ಚಿಕೊಂಡೇ ಸಾಮಾನು ಮುಟ್ಟಿ ನೋಡಿ, ಯಂತ್ರ ಹೇಳಿದ್ದಕ್ಕೆ ಹೂಂ ಅನ್ನುತ್ತಿದ್ದರು. ನನ್ನ ಗಾಡಿ ಗಲ್ಲಿಯ ತುದಿಗೆ ಬಂದರೆ ಸದ್ದಿನಲ್ಲೇ ಗುರುತು ಹಿಡಿದು ಚಹಾ ಹೇಳುತ್ತಿದ್ದರು.

ಸುದ್ದಿ ಬಂದ ಸಂಜೆಯೇ ಕಮಲಾಪುರದಿಂದ ನೇರವಾಗಿ ಹೋದೆ. ಅಣ್ಣ ನನಗಿಂತ ಮೊದಲೇ ಬಂದು ಗಂಡಸರ ಜೊತೆ ಕೂತಿದ್ದ, ಕಣ್ಣು ಕೆಂಪಾಗಿದ್ದವು. ಮೇಲೆ ಹೆಂಗಸರ ನಡುವೆ ಸ್ವಲ್ಪ ಹೊತ್ತು ಕೂತೆ. ಆಪಾ ಅವರ ಮುಖ ಶಾಂತವಾಗಿತ್ತು. ಕೈಗಳನ್ನು ಬಟ್ಟೆಯೊಳಗೆ ಮುಚ್ಚಿದ್ದರು, ಆ ಉಗುರು ಕಾಣಲಿಲ್ಲ.

ಕೆಳಗಿಳಿದು ಬಂದಾಗ ಗಲ್ಲಿ ತುಂಬ ಕುರ್ಚಿ, ಬೈಕು, ಮಂದಿ. ನನ್ನ ಗಾಡಿ ನಡುವೆ ಸಿಕ್ಕಿಕೊಂಡಿತ್ತು. ನಾನು ಕೋಲು ಊರಿಕೊಂಡು ಬಂದು ಹತ್ತುವುದನ್ನು ಕಂಡು ಮೂಲೆಯಲ್ಲಿದ್ದ ಕೆಲವರು ಎದ್ದರು. ನನ್ನನ್ನು ಅರಿಯದವರು, ಬೇರೆ ಊರಿನಿಂದ ಬಂದವರಿರಬೇಕು. ಒಬ್ಬರು ಹಿಂದಿನ ಸೀಟಿಗೆ ಕೈ ಹಾಕಿಯೇಬಿಟ್ಟರು. "ತಡೀರಿ ಅಕ್ಕೋರೆ, ಎಳೀತೀವಿ."

ನಾನು ಏನಾದರೂ ಹೇಳುವ ಮೊದಲೇ ಮೆಟ್ಟಿಲಿನ ಮೇಲಿಂದ ಸೊಸೆಯ ಧ್ವನಿ ಬಂತು. ಅತ್ತು ಅತ್ತು ಒಡೆದುಹೋಗಿದ್ದರೂ ಗಲ್ಲಿಯ ತುದಿಗೆ ಕೇಳುವಷ್ಟಿತ್ತು.

"ಹಾತ್ ನಕ್ಕೊ ಲಗಾವ್. ಅವರೇ ತಗೀತಾರ."

ಅವರು ಕೈ ತೆಗೆದರು. ಅಣ್ಣ ಎದ್ದು ಮುಂದೆ ಬಂದವನು ಅಲ್ಲೇ ನಿಂತು, ಕುರ್ಚಿ ಸರಿಸಿ ದಾರಿ ಮಾಡಿಕೊಟ್ಟ. ಗಾಡಿ ಪೂರಾ ನಿಂತಿದೆಯೆಂದು ನೋಡಿಕೊಂಡು, ಅವಸರ ಮಾಡದೆ, ರಿವರ್ಸ್ ಹಿಡಿಕೆ ಎಳೆದೆ.